ಬೆಕ್ಕುಗಳ ಜೊತೆ ಬೆಟ್ಟ ಹತ್ತಿದ್ದು

ಡಾಕ್ಟರು ನನಗೆ ಹೇಳಿದ್ದು ದಿನಾ ಬೆಳಿಗ್ಗೆ ಸ್ವಲ್ಪ ನಡೀರಿ ಅಂತ, ಅಷ್ಟೆ. ಅದನ್ನು ಮಾಲೂರಿನಲ್ಲಿರುವ ನಾದಿನಿಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ಅವಳಿಗೆ ಯಾವ ಕೆಲಸವನ್ನೂ ಸಣ್ಣದಾಗಿ ಮಾಡಿ ಗೊತ್ತಿಲ್ಲ.

"ನಡೆಯೋದೇನತ್ತಿಗೆ, ಸೈಕಲ್ ಹೊಡಿಯೋಣ. ಅಂತರಗಂಗೆ ಬೆಟ್ಟ ಹತ್ತಿ ಹಿಂದ್ಗಡೆ ಕಾಡೆಲ್ಲಾ ಸುತ್ತಿ ಬರೋಣ. ಶನಿವಾರಾನೇ ಬರ್ತೀನಿ" ಅಂದಳು. ಬಂದೂಬಿಟ್ಟಳು, ಮಗಳ ಗೇರ್ ಸೈಕಲನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು. ನನಗೆ ನನ್ನ ಮಗನ ಸೈಕಲ್ಲು. ನಾನು ಕೊನೆಯ ಸಲ ಸೈಕಲ್ ಮುಟ್ಟಿದ್ದು ಮದುವೆಗಿಂತ ಹಿಂದೆ.

ನಮ್ಮೆಜಮಾನರು ಜೊತೆಗೆ ಬರುವವರಲ್ಲ, ಸಲಹೆ ಕೊಡುವವರು. "ಆ ಕಾಡಲ್ಲಿ ಚಿರತೆ ಐತಂತೆ" ಅಂತ ಹೇಳಿ ಸಂಜೆ ಸೈಕಲ್ ಅಂಗಡಿಯಿಂದ ರಬ್ಬರ್ ಉಂಡೆ ಇರೋ ಹಾರನ್ ಒಂದನ್ನು ತಂದು ತಂಗಿಯ ಹ್ಯಾಂಡಲ್ಲಿಗೆ ಬಿಗಿದರು. "ಚಿರತೆ ಕಂಡ ತಕ್ಷಣ ಒತ್ತು."

"ಅದು ಕಂಡ ತಕ್ಷಣ ನನ್ನ ಕೈಕಾಲು ನನ್ನ ಮಾತು ಕೇಳ್ತಾವೇನಣ್ಣಾ? ಮೊದಲಿಂದಾನೇ ಒತ್ಕೊಂಡು ಹೋಗ್ತೀನಿ ಬಿಡು" ಅಂದಳು ಅವಳು.

ಹಾಗೇ ಮಾಡಿದಳು. ಭಾನುವಾರ ಬೆಳಿಗ್ಗೆ ಕೋಲಾರ ಬಿಟ್ಟು ಬೆಟ್ಟದ ರಸ್ತೆ ಹಿಡಿದೆವು. ಚೂಡಿದಾರದ ಮೇಲೆ ಹೆಲ್ಮೆಟ್ಟು, ಹಿಂದೆ ಕ್ಯಾರಿಯರ್ ಮೇಲೆ ತಿಂಡಿಯ ಚೀಲ. ಏರು ಶುರುವಾದ ಮೇಲೆ ಸೈಕಲ್ಲು ನಮ್ಮನ್ನು ಹೊತ್ತದ್ದಕ್ಕಿಂತ ನಾವು ಸೈಕಲನ್ನು ತಳ್ಳಿದ್ದೇ ಹೆಚ್ಚು. ನನಗೆ ಉಸಿರು ಸಿಕ್ಕುತ್ತಿರಲಿಲ್ಲ. ಅವಳು ಮಾತ್ರ ತಿರುವು ಬಂದಾಗಲೆಲ್ಲ ಪೋಂ ಪೋಂ ಅನ್ನಿಸುತ್ತಿದ್ದಳು. ಬಂಡೆಗಳ ಮೇಲೆ ಕೂತಿದ್ದ ಕೋತಿಗಳು ಕೂಡ ಇದ್ಯಾವ ಪ್ರಾಣಿ ಅಂತ ಎದ್ದು ನಿಂತವು.

ಮೇಲೆ ಒಂದು ಪುಟ್ಟ ಹಳ್ಳಿ. ಅಲ್ಲಿ ನೆಲ ಸಮವಾಗಿತ್ತು. ಸದ್ಯ ಅಂತ ಸೈಕಲ್ ಹತ್ತಿ ಊರೊಳಗೆ ನುಗ್ಗಿದೆವು. ಅವಳು ಹೆಮ್ಮೆಯಿಂದ ಉದ್ದಕ್ಕೆ ಒತ್ತಿದಳು. ಪೋಂ... ಪೋಂ...

ಬಾಗಿಲುಗಳು ತೆರೆದುಕೊಂಡವು. ಒಬ್ಬೊಬ್ಬರೇ ಹೆಂಗಸರು ಸ್ಟೀಲ್ ಪಾತ್ರೆ ಹಿಡಿದು ಹೊರಗೆ ಬಂದರು. ಎಂಥಾ ಒಳ್ಳೆಯ ಜನ, ನಮಗೆ ನೀರು ತಂದಿದ್ದಾರೆ ಅಂದುಕೊಂಡೆ. ಪಾತ್ರೆಗಳು ಖಾಲಿಯಾಗಿದ್ದವು.

ಮುಂದೆ ಬಂದ ಒಬ್ಬ ಅಜ್ಜಿ ನನ್ನ ಚೀಲವನ್ನೇ ನೋಡುತ್ತಾ, "ಚೇಪಲು ಏವಮ್ಮಾ?" ಅಂದಳು. ತೆಲುಗಿನಲ್ಲಿ, ಮೀನೆಲ್ಲಿ ಅಂತ. ನಾನು ಬಾಯಿ ಬಿಡುವಷ್ಟರಲ್ಲಿ ಇನ್ನೊಬ್ಬಳು ನಾದಿನಿಯನ್ನು ಕೇಳಿದಳು, "ಜಿಲೇಬಿ ಐತಾ?"

ಜಿಲೇಬಿ ಅನ್ನೋದು ಕೆರೆ ಮೀನಿನ ಹೆಸರು ಅಂತ ನಾದಿನಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಸಂಕೋಚದಿಂದ, "ಜಿಲೇಬಿ ಇಲ್ಲಮ್ಮಾ, ಕಡ್ಲೆಮಿಠಾಯಿ ಐತೆ, ಕೊಡ್ಲಾ?" ಅಂದಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. ಪ್ರತಿ ಭಾನುವಾರ ಮೀನಿನವನು ಇದೇ ಥರದ ಹಾರನ್ ಒತ್ತಿಕೊಂಡು ಬರುತ್ತಾನಂತೆ. "ಮೀನಿಲ್ದೆ ಯಾಕಮ್ಮಾ ಪೋಂ ಪೋಂ ಅನ್ನಿಸ್ತೀರಾ? ನಾನು ಮಸಾಲೆ ರುಬ್ಬಕ್ಕೆ ಕೂತ್ಬಿಟ್ಟಿದ್ದೆ" ಅಂತ ಒಬ್ಬಳು ಬೈದಳು. ಚಿರತೆಗೆ ಅಂತ ಹೇಳಿದೆವು. ನಕ್ಕು ನಕ್ಕು ಅಜ್ಜಿ ಜಗಲಿಯ ಮೇಲೆ ಕುಸಿದಳು.

ಹೆಂಗಸರೇನೋ ಒಳಗೆ ಹೋದರು. ಬೆಕ್ಕುಗಳು ಹೋಗಲಿಲ್ಲ. ಹಾರನ್ನಿಗೆ ಅವೂ ಬಂದಿದ್ದವು: ಮಾಡಿನ ಮೇಲಿಂದ, ಹುಲ್ಲಿನ ಬಣವೆಯ ಕೆಳಗಿಂದ, ಒಂದಂತೂ ನಿದ್ದೆಗಣ್ಣಲ್ಲೇ. ನಾವು ಊರು ದಾಟಿ ಕಾಡಿನ ಕಾಲುದಾರಿಗೆ ಇಳಿದರೂ ಬಾಲ ಎತ್ತಿಕೊಂಡು ಹಿಂದೆಯೇ ಬಂದವು.

"ಏನಾದ್ರೂ ಹಾಕಿದ್ರೆ ತಿಂದು ಹೋಗ್ತಾವೆ" ಅಂತ ನಾದಿನಿ ತಿಂಡಿ ಡಬ್ಬಿ ಬಿಚ್ಚಿ ಆಮ್ಲೆಟ್ ಚೂರು ಎಸೆದಳು.

"ಅಯ್ಯೋ, ಹಾಕ್ಬೇಡ ಕಣೇ!" ಅಂದೆ. ಆಗಲೇ ಹಾಕಿಯಾಗಿತ್ತು. ಅದಾದ ಮೇಲೆ ಅವು ನಮ್ಮನ್ನು ಬಿಡುವ ಮಾತೇ ಇರಲಿಲ್ಲ.

ಸ್ವಲ್ಪ ದೂರದಲ್ಲಿ ಫಾರೆಸ್ಟ್ ಗಾರ್ಡ್ ಒಬ್ಬರು ಸಿಕ್ಕಿದರು. ಅವರ ಪಕ್ಕದಲ್ಲೇ ಬೋರ್ಡು: ಕಾಯ್ದಿಟ್ಟ ಅರಣ್ಯ, ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ. ಅವರು ಬೋರ್ಡನ್ನು ನೋಡಿದರು, ನಮ್ಮನ್ನು ನೋಡಿದರು, ನಮ್ಮ ಹಿಂದಿನ ಮೆರವಣಿಗೆಯನ್ನು ನೋಡಿದರು.

"ಏನ್ ಮೇಡಂ ಇದು?"

"ನಮ್ಮದಲ್ಲ ಸಾರ್" ಅಂದೆ. ಅಷ್ಟರಲ್ಲಿ ಒಂದು ಬೆಕ್ಕು ನನ್ನ ಕಾಲಿಗೆ ಮೈ ಉಜ್ಜಿ ಗುರ್ ಅಂದಿತು.

"ನಿಮ್ಮದಲ್ಲದಿದ್ರೆ ಇಷ್ಟು ಸಲಿಗೆ ಹೆಂಗೆ? ಇಲ್ಲಿ ಮೊಲ ಐತೆ, ನವಿಲೈತೆ. ಇವನ್ನ ಒಳಗೆ ಬಿಡಕ್ಕಾಗಲ್ಲ. ಹೆಸರು ಬರ್ಕೋಬೇಕಾಗುತ್ತೆ."

"ಯಾರ್ದು ಸಾರ್, ನಮ್ಮದಾ, ಬೆಕ್ಕುಗಳದಾ?" ಅಂತ ನಾದಿನಿ ಶುದ್ಧ ಮನಸ್ಸಿನಿಂದ ಕೇಳಿದಳು. ಗಾರ್ಡ್ ಗಂಭೀರವಾಗಿರಲು ತುಂಬಾ ಪ್ರಯತ್ನಪಟ್ಟರು. ಆದರೆ ಒಂದು ದಪ್ಪ ಗಂಡು ಬೆಕ್ಕು ಅವರ ಬೂಟಿನ ಮೇಲೆ ಕೂತು ಮುಖ ತೊಳೆಯಲು ಶುರುಮಾಡಿದಾಗ ಅವರಿಗೂ ತಡೆಯಲಾಗಲಿಲ್ಲ.

ಕೊನೆಗೆ ತೀರ್ಮಾನವಾಯಿತು: ಕರೆತಂದವರೇ ವಾಪಸ್ ಬಿಟ್ಟುಬರಬೇಕು. ನಾದಿನಿ ಪೋಂ ಪೋಂ ಅನ್ನಿಸುತ್ತಾ ಮುಂದೆ, ಬೆಕ್ಕುಗಳು ಅವಳ ಹಿಂದೆ, ನಾನು ಎರಡೂ ಚೀಲ ಹೇರಿಕೊಂಡು ಸೈಕಲ್ ತಳ್ಳುತ್ತಾ ಅವುಗಳ ಹಿಂದೆ. ಎಲ್ಲರಿಗಿಂತ ಹಿಂದೆ ಗಾರ್ಡ್, ನಡೆಯಲೊಪ್ಪದ ಆ ದಪ್ಪ ಬೆಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು.

ಊರು ಮುಟ್ಟುವ ಹೊತ್ತಿಗೆ ನಿಜವಾದ ಮೀನಿನವನು ಮೊಪೆಡ್ಡಿನಲ್ಲಿ ಬಂದಿದ್ದ. ಅವನು ಒಂದು ಸಲ ಒತ್ತಿದ, ಅಷ್ಟೆ. ನಮ್ಮ ಬೆಕ್ಕುಗಳು ನಮ್ಮ ಕಡೆ ತಿರುಗಿಯೂ ನೋಡದೆ ಓಡಿದವು. ಗಾರ್ಡ್ ಕಂಕುಳಲ್ಲಿದ್ದದ್ದು ಅವರ ತೋಳಿಗೆ ಪರಚಿ ನೆಗೆಯಿತು. ನಮ್ಮ ಆಮ್ಲೆಟ್ ತಿಂದೂ ಹೀಗೆ ಮಾಡಿದವಲ್ಲ ಅಂತ ನಾದಿನಿಗೆ ನಿಜವಾಗಲೂ ಬೇಜಾರಾಯಿತು. "ನೋಡಿದ್ರಾ ಅತ್ತಿಗೆ, ಒಂಚೂರಾದ್ರೂ ಹಿಂದೆ ನೋಡಿದ್ವಾ ಅವು?" ಅಂತ ನನ್ನನ್ನೇ ಗದರಿದಳು.

ಹೀಗಾಗಿ ಆವತ್ತು ನಾವು ಕಾಡು ಸುತ್ತಲಿಲ್ಲ. ಮೀನು ಕೊಂಡೆವು. ಅಜ್ಜಿ ತನ್ನ ಒಲೆಯ ಮೇಲೆ ಸಾರು ಮಾಡಿ, ಬಿಸಿ ಮುದ್ದೆ ಕಟ್ಟಿ, ಜಗಲಿಯ ಮೇಲೆ ಬಡಿಸಿದಳು. ಗಾರ್ಡ್ ಡ್ಯೂಟಿಯಲ್ಲಿದ್ದೀನಿ ಬೇಡ ಅಂದರು, ಆಮೇಲೆ ಎರಡನೇ ಮುದ್ದೆ ಹಾಕಿಸಿಕೊಂಡರು. ನಾನು ಇವತ್ತಿಗೂ ಅಂಥ ಮೀನು ಸಾರು ಬೇರೆಲ್ಲೂ ತಿಂದಿಲ್ಲ.

ಇಳಿಯುವಾಗ ಪೆಡಲ್ ತುಳಿಯುವ ಕೆಲಸವೇ ಇರಲಿಲ್ಲ. ಕೆಳಗೆ ಕೋಲಾರದ ಕೆರೆ, ಮನೆಗಳು, ಹೊಲಗಳು ಬಿಸಿಲಲ್ಲಿ ಹರಡಿಕೊಂಡಿದ್ದವು. ಗಾಳಿ ದುಪಟ್ಟಾವನ್ನು ಹಿಂದಕ್ಕೆ ಎಳೆಯುತ್ತಿತ್ತು. ನಾದಿನಿ ಎರಡೂ ಕಾಲು ಚಾಚಿ ಜೋರಾಗಿ ಕಿರುಚಿದಳು. ವಯಸ್ಸಾದವಳು ಹಿಂಗಾ ಆಡೋದು ಅಂತ ಬೈಯೋಣ ಅಂತ ನಾನು ಬಾಯಿ ತೆಗೆದೆ. ನನ್ನ ಬಾಯಿಂದಲೂ ಅದೇ ಕಿರುಚು ಬಂತು.