ಏಳ್ಲಾ ಅಂದದ್ದು ಯಾರಿಗೆ

ನನ್ನ ಹಳೆಯ ನೋಟ್‌ಬುಕ್ಕೊಂದರ ಕೊನೆಯ ಎರಡು ಪುಟಗಳಲ್ಲಿ ಒಬ್ಬನೇ ಆಟಗಾರನ ದೂರುಗಳಿವೆ. ಮ್ಯಾಟಿನ ಜೋಡಣೆ ಬಿಟ್ಟಿದೆ, ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಜರ್ಸಿಯ ಮೇಲೆ ಹೆಸರಿನ ಒಂದು ಅಕ್ಷರ ಬಿಟ್ಟುಹೋಗಿದೆ. ಮೊಣಕಾಲು ಊದಿಕೊಂಡ ಜೊತೆಗಾರನನ್ನು ಇನ್ನೂ ಆಡಿಸುತ್ತಿದ್ದಾರೆ. ಪೇಪರಿನವರು ನಮ್ಮೂರಿನ ಹೆಸರನ್ನು ಸರಿಯಾಗಿ ಹಾಕುವುದಿಲ್ಲ. ಮುಂದೊಂದು ದಿನ ತಮಾಷೆಯ ಲೇಖನವೊಂದಕ್ಕೆ ಆಗುತ್ತದೆಂದು ಇವನ್ನು ಬರೆದಿಟ್ಟುಕೊಂಡಿದ್ದೆ.

ಆತ ಮಳವಳ್ಳಿ ತಾಲ್ಲೂಕಿನ ಕಬಡ್ಡಿ ರೈಡರ್. ಟೀವಿಯಲ್ಲಿ ಬರುವ ಲೀಗಿನಲ್ಲಿ ಮೂರು ಸೀಸನ್ ಆಡಿದ್ದ. ನಾನು ಮಂಡ್ಯದಲ್ಲಿ ಪತ್ರಿಕೆಯ ವರದಿಗಾರ್ತಿ. ಸಭೆ, ಅಪಘಾತ, ಕಬ್ಬಿನ ಹೋರಾಟಗಳ ಜೊತೆಗೆ ಜಿಲ್ಲೆಯ ಆಟೋಟವೂ ನನ್ನ ಪಾಲಿಗೆ ಬಂದಿತ್ತು. ಪಂದ್ಯ ಮುಗಿದ ಮೇಲೆ ಆತನ ಹತ್ತಿರ ಹೋದರೆ ಒಂದು ದೂರು ಖಂಡಿತ. ನಮ್ಮಲ್ಲಿ ಕೆಲವರು ಆತನಿಗೆ ‘ಅರ್ಜಿ’ ಎಂದು ಅಡ್ಡಹೆಸರಿಟ್ಟಿದ್ದರು. ‘ಅರ್ಜಿ ಬಂತು’ ಎಂದು ನಾನೂ ನಕ್ಕಿದ್ದೇನೆ.

ಆತನ ಜೊತೆಗೇ ಬೆಳೆದ ಇನ್ನೊಬ್ಬನಿದ್ದ. ಅಂಕಣದ ಮೂಲೆಯಲ್ಲಿ ನಿಂತು ಬಂದವರ ಕಣಕಾಲು ಹಿಡಿಯುವವನು. ಅವನೂ ಎರಡು ಸೀಸನ್ ಲೀಗ್ ಆಡಿ, ಬಳಿಕ ಗೆಜ್ಜಲಗೆರೆಯ ಕಾರ್ಖಾನೆಯೊಂದಕ್ಕೆ ಸೇರಿ ಅದರ ತಂಡಕ್ಕೆ ಆಡುತ್ತಿದ್ದ. ಅವನಲ್ಲಿ ಒಂದು ವಿಶೇಷವಿತ್ತು. ಎದುರಾಳಿಯ ಬೆರಳು ತನಗೆ ತಾಗಿದರೆ, ಅಂಪೈರ್ ಸೀಟಿ ಊದುವ ಮೊದಲೇ ಕೈ ಎತ್ತಿ ಹೊರಗೆ ನಡೆಯುತ್ತಿದ್ದ. ಜನ ಚಪ್ಪಾಳೆ ಹೊಡೆಯುತ್ತಿದ್ದರು. ನನ್ನ ವರದಿಗಳಲ್ಲಿ ಅವನಿಗೆ ‘ಸಜ್ಜನ ಆಟಗಾರ’ ಎಂಬ ವಿಶೇಷಣ ಕಾಯಂ ಆಗಿತ್ತು.

ಇಬ್ಬರಿಗೂ ಆಟ ಕಲಿಸಿದವರು ಮಳವಳ್ಳಿಯ ನಿವೃತ್ತ ಡ್ರಿಲ್ ಮೇಷ್ಟ್ರು. ಊರಂಚಿನ ಕಾಲೊನಿಯಲ್ಲಿ ಅವರ ಮನೆ. ಮುಂಗೋಣೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಶಿಷ್ಯರು ಗೆದ್ದ ಕಪ್ಪುಗಳು. ಅವರು ಆಟ ಕಲಿಸಲು ಶುರು ಮಾಡಿದ ಕಾಲದಲ್ಲಿ, ತೋಟದ ಮನೆಗಳ ಮಕ್ಕಳು ಅವರ ಕೈಯಿಂದ ನೀರು ಕುಡಿಯಲು ಹಿಂದೆಮುಂದೆ ನೋಡುತ್ತಿದ್ದರಂತೆ. ಹಾಗಾಗಿ ಅವರನ್ನು ಯಾರು ಹೇಗೆ ಕರೆಯುತ್ತಾರೆ ಎಂಬುದು ಆ ಊರಿನಲ್ಲಿ ಸಣ್ಣ ವಿಷಯವಾಗಿರಲಿಲ್ಲ.

ಮಳವಳ್ಳಿಯ ಕಾಲೇಜು ಮೈದಾನದಲ್ಲಿ ಒಂದು ಭಾನುವಾರ ಆಹ್ವಾನಿತ ತಂಡಗಳ ಪಂದ್ಯಾವಳಿ ನಡೆಯಿತು. ರೈಡರ್ ಊರಿನ ತಂಡಕ್ಕೆ ಆಡಲು ಬಂದಿದ್ದ. ಬೆಳಿಗ್ಗೆ ಸಿಕ್ಕಾಗ ಎಂದಿಗಿಂತ ಮಂಕಾಗಿದ್ದ.

“ಈ ವಾರ ಏಳ್ತಾರಂತೆ ಕಣಕ್ಕ, ನನ್ನ ಮಡಿಕತಾರೋ ಕಳಿಸ್ತಾರೋ ಅಂತ,” ಎಂದ. ಲೀಗಿನ ತಂಡ ಮುಂದಿನ ಸೀಸನ್ನಿಗೆ ಯಾರನ್ನು ಉಳಿಸಿಕೊಳ್ಳುವುದೆಂದು ಆ ವಾರ ತೀರ್ಮಾನಿಸುವುದಿತ್ತು. “ಆಟ ಸರಿಯಾಗೇ ಅದೆ ಅಂತಾರೆ. ಬಾಯಿ ಜಾಸ್ತಿ ಅಂತಾರೆ.”

“ಹಾಗಾದರೆ ಈ ವಾರವಾದರೂ ಸುಮ್ಮನಿರು.”

“ಇರ್ತೀನಿ. ಆದ್ರೆ ಆ ಮೂಲೇಲಿ ಗೆರೆ ಸೊಟ್ಟಗದೆ, ನೋಡಿದ್ರಾ?”

ನಾನು ನಕ್ಕೆ. ನೋಡಲಿಲ್ಲ.

ಫೈನಲ್‌ನಲ್ಲಿ ಊರಿನ ತಂಡಕ್ಕೆ ಕಾರ್ಖಾನೆಯ ತಂಡ ಎದುರಾಯಿತು. ಮಧ್ಯಾಹ್ನ ಮೂರೂವರೆಯ ಹೊತ್ತು. ಎರಡೂ ತಂಡಗಳ ಅಂಕ ಸಮ, ಉಳಿದದ್ದು ಒಂದೇ ರೈಡ್. ಆತ ಒಳಗೆ ಹೋದ, ಒಬ್ಬನನ್ನು ಮುಟ್ಟಿ ತಿರುಗಿದ. ಮೂಲೆಯಿಂದ ಗೆಳೆಯ ಹಾರಿ ಕಣಕಾಲು ಹಿಡಿದ. ಇಬ್ಬರೂ ಒಟ್ಟಿಗೆ ನೆಲಕ್ಕುರುಳಿದರು. ಆ ಕೊನೆಯ ಗೆರೆಯ ಆಚೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮೇಷ್ಟ್ರು ಕೂತಿದ್ದರು. ಮಂಡಿನೋವಿನ ಕಾರಣ ಅವರಿಗೆ ಕೂತು ತೀರ್ಪು ಕೊಡಲು ಅವಕಾಶವಿತ್ತು. ಅವರು ಕೈ ತೋರಿಸಿದರು: ರೈಡರ್ ಔಟ್.

ನೆಲಕ್ಕೆ ಬಿದ್ದಲ್ಲಿಂದಲೇ ಆತ ಕೂಗಿದ. “ಏಳ್ಲಾ! ಏಳ್ಲಾ! ಏಳ್ಲಾ!” ಮುಖ ಕುರ್ಚಿಯ ಕಡೆಗಿತ್ತು. ನಾನು ಎದುರು ಬದಿಯಲ್ಲಿ, ಅಂಕ ಬರೆಯುವವರ ಮೇಜಿನ ಪಕ್ಕ ನಿಂತಿದ್ದೆ. ಕೇಳಿದ್ದನ್ನು ಕೇಳಿದಂತೆಯೇ ಬರೆದುಕೊಂಡೆ: ಏಳ್ಲಾ, ಮೂರು ಸಲ, ಕುರ್ಚಿ ಕಡೆಗೆ. ಅಷ್ಟರಲ್ಲಿ ಕಾರ್ಖಾನೆ ಕಡೆಯ ಜನ ನುಗ್ಗಿ, ಹಿಡಿದವನನ್ನು ಹೆಗಲ ಮೇಲೆ ಎತ್ತಿಕೊಂಡರು. ಬಿದ್ದವನು ಎದ್ದು ಹತ್ತು ನಿಮಿಷ ಕೂಗಾಡಿದ. ಗದ್ದಲದಲ್ಲಿ ಅದೇನೂ ಕೇಳಿಸಲಿಲ್ಲ.

ನಾನು ಹೆಗಲ ಮೇಲಿಂದ ಇಳಿದವನ ಬಳಿ ಹೋದೆ. “ಎರಡು ಒಳ್ಳೇ ಮಾತು ಹೇಳಪ್ಪ,” ಎಂದೆ. ಅವನು ಬೆವರು ಒರೆಸಿಕೊಂಡು, “ಗೆಲ್ಲದಕ್ಕಿಂತ ಆಟ ದೊಡ್ಡದು ಅಕ್ಕ,” ಎಂದ.

ಸಂಜೆ ವರದಿ ಬರೆದೆ. ನಮ್ಮ ಪುಟದಲ್ಲಿ ಆಡುಮಾತನ್ನು ಹಾಗೆಯೇ ಹಾಕುವ ರೂಢಿಯಿಲ್ಲ, ಬರಹದ ಕನ್ನಡಕ್ಕೆ ತಿರುಗಿಸಬೇಕು. ನಮ್ಮ ಕಡೆಯ ‘ಲಾ’ ಬರಹದ ‘ಲೋ’ ತಾನೆ ಎಂದು, ‘ಏಳ್ಲಾ’ ಎಂಬುದನ್ನು ನಾನು ‘ಎದ್ದೇಳೋ’ ಎಂದು ತಿರುಗಿಸಿದೆ. ಡೆಸ್ಕಿನವರಲ್ಲ, ನಾನೇ. ‘ಕುಳಿತಿದ್ದ ಹಿರಿಯ ತೀರ್ಪುಗಾರರನ್ನು ಎದ್ದೇಳೋ ಎಂದು ಏಕವಚನದಲ್ಲಿ ನಿಂದಿಸಿದರು’ ಎಂಬ ವಾಕ್ಯ ಬರೆದೆ. ಮರುದಿನ ಅದು ಆರು ಕಾಲಂ ಅಗಲಕ್ಕೆ ಬಂತು. ಪಕ್ಕದಲ್ಲಿ ಹೆಗಲ ಮೇಲಿದ್ದವನ ಚಿತ್ರ, ಅದರಡಿ ಅವನ ಒಳ್ಳೆಯ ಮಾತು.

ಹತ್ತು ಗಂಟೆಯ ಹೊತ್ತಿಗೆ ಕಾಲೊನಿಯಿಂದ ಒಬ್ಬರು ಫೋನ್ ಮಾಡಿದರು. “ನಮ್ ಮೇಷ್ಟ್ರು ಅಂತ ತಾನೆ ಲಾ ಅಂದಿರದು? ತನ್ ಅಟ್ಟಿಯೋರು ಯಾರಾರ ಕುರ್ಚಿ ಮ್ಯಾಲಿದ್ರೆ ಅಂತಿದ್ನಾ?” ಅರ್ಧ ಗಂಟೆಯಲ್ಲಿ ಆತನ ಊರಿನಿಂದ ಇನ್ನೊಬ್ಬರು: “ನಮ್ ಕಡೆ ಅಪ್ಪಂಗೂ ಲಾ ಅಂತೀವಿ, ಅದೇನ್ ಮಹಾ ಸುದ್ದಿ ಅಂತ ಬರದ್ರಿ?” ಇಬ್ಬರೂ ಅಂದಿದ್ದಾನೆ ಎಂಬುದನ್ನು ಒಪ್ಪಿಕೊಂಡಿದ್ದರು. ಪತ್ರಿಕೆಯಲ್ಲಿ ಬಂದಿತ್ತಲ್ಲ. ಬುಧವಾರದ ಹೊತ್ತಿಗೆ ನನ್ನ ವರದಿಯ ಫೋಟೊ ಜಿಲ್ಲೆಯ ಎಲ್ಲ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿತ್ತು.

ಗುರುವಾರ ಮೇಷ್ಟ್ರು ಹೇಳಿಕಳಿಸಿದರು. ಹೋದೆ. ಜಗಲಿಯ ಮೇಲೆ ಪತ್ರಿಕೆ ಮಡಚಿಟ್ಟುಕೊಂಡು ಕೂತಿದ್ದರು.

“ಓದು ಕಣಮ್ಮ, ನಿನ್ ಬಾಯಲ್ಲೇ ಓದು,” ಎಂದರು.

ಓದಿದೆ.

“ಅವ್ನು ನನ್ಗೆ ಏಳು ಅಂದಿಲ್ಲ. ಅವ್ನಿಗೆ ಏಳು ಅಂದ.”

“ಯಾರಿಗೆ ಸರ್? ಬಿದ್ದಿದ್ದವನಿಗೆ ಎದ್ದೇಳು ಅಂದನೇ?”

“ಥೂ, ಏಳು ಅಲ್ಲ ಕಣಮ್ಮ,” ಎಂದು ಮೇಷ್ಟ್ರು, ಒಂದನೇ ತರಗತಿಯ ಮಗುವಿಗೆ ಹೇಳಿಕೊಡುವಂತೆ ಎದೆಯಿಂದ ಉಸಿರು ತೆಗೆದು ಅಕ್ಷರ ಬಿಡಿಸಿದರು. “ಹೇ... ಳು. ಹೇಳ್ಲಾ ಅಂತ. ನನ್ ಕುರ್ಚಿ ಮುಂದೆ ಕಾಲಿಡ್ದು ಬಿದ್ದಿದ್ನಲ್ಲ, ಆ ಗೆಣೆಕಾರಂಗೆ. ನೀನು ಮಂಡ್ಯದೋಳು ತಾನೆ? ನಿಮ್ಮಟ್ಟೀಲಿ ಹೇಳು ಅಂತ ಯಾರಮ್ಮ ಅಂತಾರೆ? ಎಲ್ರೂ ಏಳೇ.”

ನಮ್ಮ ಮನೆಯಲ್ಲೂ ಎಲ್ಲರದೂ ‘ಏಳೇ’. ನನ್ನ ತಾಯಿ ಇಂದಿಗೂ ಫೋನೆತ್ತಿದರೆ ‘ಏಳವ್ವ’ ಎನ್ನುತ್ತಾರೆ. ನಾನು ಎದ್ದು ನಿಂತದ್ದು ಎಂದೂ ಇಲ್ಲ.

“ಏನು ಹೇಳು ಅಂದದ್ದು ಸರ್?”

ಅವರು ಪತ್ರಿಕೆಯನ್ನು ಪಕ್ಕಕ್ಕಿಟ್ಟರು. “ಇಡ್ಯೋವಾಗ ಅವ್ನ ಕಾಲು ಗೆರೆ ತುಳಿದಿತ್ತು ಅಂತ ಕಾಣ್ತದೆ. ತುಳಿದಿದ್ರೆ ಆ ಇಡ್ತ ಲೆಕ್ಕಕ್ಕಿಲ್ಲ, ಇವ್ನೇ ಗೆದ್ದಂಗೆ. ನಾನು ಕಾಲು ನೋಡ್ಲಿಲ್ಲ ಕಣಮ್ಮ.”

“ಅಷ್ಟು ಹತ್ತಿರ ಕೂತಿದ್ದಿರಲ್ಲ?”

“ಅವ್ನು ಕೈ ಎತ್ತೋನಲ್ವಾ? ತಪ್ಪಿದ್ರೆ ಅವ್ನೇ ಎತ್ತಾನೆ ಅಂತ ಅವ್ನ ಕೈ ನೋಡ್ತಾ ಕೂತಿದ್ದೆ.”

ಲಾ ಎಂದದ್ದು ತಮಗಲ್ಲ ಎಂಬುದನ್ನು ತಮ್ಮ ಹೆಸರಿನಲ್ಲೇ ಬರೆಯಲು ಮೇಷ್ಟ್ರು ಒಪ್ಪಿದರು. ಕಾಲಿನ ವಿಷಯಕ್ಕೆ, “ನೋಡದ್ದನ್ನ ನಾನು ಏಳಕಿಲ್ಲ,” ಎಂದರು. ಅದನ್ನು ನೋಡಿರಬಹುದಾದವನು ಗೆಜ್ಜಲಗೆರೆಯಲ್ಲಿದ್ದ.

ಶುಕ್ರವಾರ ಮಧ್ಯಾಹ್ನ ಪಾಳಿ ಬಿಡುವ ಹೊತ್ತಿಗೆ ಕಾರ್ಖಾನೆಯ ಗೇಟಿನ ಬಳಿ ನಿಂತೆ. ಅವನು ಬೈಕು ತಳ್ಳಿಕೊಂಡು ಬಂದ. “ಬನ್ನಿ ಅಕ್ಕ, ಬಿಸ್ಲು, ಇತ್ತಾಗೆ ನೆಳ್ಳಿಗೆ ಬನ್ನಿ,” ಎಂದು ಅಂಗಡಿಯ ಬೆಂಚು ಒರೆಸಿ ಕೂರಿಸಿದ. ಟೀ ತರಿಸಿದ. ತಾಯಿಯ ಆರೋಗ್ಯ ಕೇಳಿದ. ಅವನ ಸೌಜನ್ಯ ತೋರಿಕೆಯದು ಎಂದು ನನಗೆ ಅಂದೂ ಅನಿಸಲಿಲ್ಲ, ಇಂದೂ ಅನಿಸುವುದಿಲ್ಲ.

“ಕಾಲು ಗೆರೆ ಮೇಲಿತ್ತಾ?” ಎಂದು ನೇರವಾಗಿ ಕೇಳಿದೆ.

ಅವನು ಟೀ ಲೋಟ ಕೆಳಗಿಟ್ಟ. “ಇತ್ತು ಅಕ್ಕ.”

“ಕೈ ಯಾಕೆ ಎತ್ತಲಿಲ್ಲ?”

“ಎತ್ತಕ್ ಓದೆ. ಅಷ್ಟೊತ್ಗೆ ಜನ ನನ್ನೇ ಎತ್ತಿಬುಟ್ರು. ಮ್ಯಾಲಿಂದ ಏನಂತ ಏಳನೆ?”

“ಇಳಿದ ಮೇಲೆ?”

“ಇಳಿದ್ ಮ್ಯಾಲೆ ನೀವು ಬಂದ್ರಿ. ಒಳ್ಳೇ ಮಾತು ಏಳು ಅಂದ್ರಿ.” ಅವನ ದನಿಯಲ್ಲಿ ಆಪಾದನೆ ಇರಲಿಲ್ಲ. “ಮಾತು ಆಡ್ಬುಟ್ಟೆ. ಆಡಿದ್ ಮ್ಯಾಲೆ ಎಂಗಕ್ಕ ವಾಪಸ್ ತಕ್ಕಳದು?”

ಇದನ್ನು ಬರೆಯಬಹುದೇ ಎಂದು ಕೇಳಿದೆ. ತನ್ನ ಹೆಸರಿನಲ್ಲಿ ಬೇಡ, ಊರು ಕಾರ್ಖಾನೆ ಗುರುತಾಗುವ ಹಾಗೆ ಬೇಡ ಎಂದ. ಕ್ರೀಡಾಪುಟದಲ್ಲಿ ಹೆಸರಿಲ್ಲದ ತಪ್ಪೊಪ್ಪಿಗೆಗೆ ಜಾಗವಿಲ್ಲ. ಇಲ್ಲಿ ಯಾರ ಹೆಸರನ್ನೂ ಹಾಕದೆ, ಕಾರ್ಖಾನೆ ಯಾವುದೆಂದು ಹೇಳದೆ ಬರೆಯುತ್ತಿರುವುದು ಆ ಮಾತಿಗೆ ಕಟ್ಟುಬಿದ್ದು. ಊರಿನ ಹೆಸರು ಬಂದಿರುವಾಗ ಅವನ ಷರತ್ತನ್ನು ಇದು ಪೂರ್ತಿ ಉಳಿಸುತ್ತದೆಯೇ ಎಂಬ ಅನುಮಾನ ನನಗಿದೆ.

ಅಂದು ಸಂಜೆ ನಾನು ನಾಲ್ಕು ಸಾಲಿನ ಸ್ಪಷ್ಟೀಕರಣ ಕಳಿಸಿದೆ. ಆ ಮಾತು ತಮಗೆ ಹೇಳಿದ್ದಲ್ಲವೆಂದು ತೀರ್ಪುಗಾರರೇ ತಿಳಿಸಿದ್ದಾರೆ, ತಪ್ಪಿಗೆ ವಿಷಾದಿಸುತ್ತೇವೆ. ಅದು ಅಚ್ಚಾಗುವ ಮೊದಲೇ, ಅದೇ ಸಂಜೆ, ಲೀಗಿನ ತಂಡ ಉಳಿಸಿಕೊಂಡವರ ಪಟ್ಟಿ ಬಿಡುಗಡೆ ಮಾಡಿತು. ಆತನ ಹೆಸರಿರಲಿಲ್ಲ. ಕಾರಣ ಕೇಳಿ ತಂಡಕ್ಕೆ ಬರೆದೆ, ಉತ್ತರ ಬರಲಿಲ್ಲ. ನನ್ನ ವರದಿಯಿಂದಲೇ ಹಾಗಾಯಿತು ಎಂದು ನಾನು ಬರೆಯಲಾರೆ. ಅದರಿಂದ ಅಲ್ಲ ಎಂದೂ ಬರೆಯಲಾರೆ.

ಆ ವಾರಾಂತ್ಯ ನೋಟ್‌ಬುಕ್ಕಿನ ಕೊನೆಯ ಎರಡು ಪುಟಗಳನ್ನು ತೆಗೆದು, ಸುದ್ದಿಯ ಮೂಲಗಳನ್ನು ಪರಿಶೀಲಿಸುವಂತೆ ಒಂದೊಂದೇ ದೂರನ್ನು ಪರಿಶೀಲಿಸಿದೆ. ಪತ್ರಿಕೆಯ ಹಳೆಯ ಚಿತ್ರಗಳಲ್ಲಿ ಜರ್ಸಿ ದೊಡ್ಡದಾಗಿ ಕಾಣುತ್ತಿತ್ತು. ಅಕ್ಷರ ಒಂದು ಇರಲೇ ಇಲ್ಲ. ಮೊಣಕಾಲು ಊದಿದ್ದ ಜೊತೆಗಾರನಿಗೆ ಅದೇ ಸೀಸನ್ನಿನ ನಡುವೆ ಶಸ್ತ್ರಚಿಕಿತ್ಸೆಯಾಗಿತ್ತು. ಮಳವಳ್ಳಿ ಮೈದಾನದ ಮೂಲೆಯ ಚಿತ್ರವೂ ಇತ್ತು. ಗೆರೆಯ ಪಟ್ಟಿ ಅಲ್ಲಿ ನಾಲ್ಕು ಬೆರಳಿನಷ್ಟು ಒಳಕ್ಕೆ ಬಾಗಿತ್ತು.

ಸೋಮವಾರ ಸ್ಪಷ್ಟೀಕರಣದ ತುಣುಕು ಹಿಡಿದು, ಆತನ ಊರೆಂದು ನಾನು ತಿಳಿದಿದ್ದ ಕಿರುಗಾವಲಿಗೆ ಹೋದೆ. ಬಸ್ ನಿಲ್ಲುವ ಕಡೆ, ಟೀ ಅಂಗಡಿಯ ಮುಂದೆ ಆತ ಸಿಕ್ಕ. ಅದನ್ನು ಆಗಲೇ ಓದಿದ್ದ.

“ಎದ್ದೇಳೋ ಅನ್ನದು ಆರು ಕಾಲಮ್ಮು. ಅಲ್ಲ ಅನ್ನದು ಬೆಂಕಿಪೊಟ್ನದಷ್ಟು,” ಎಂದ.

“ತಪ್ಪು ನನ್ನದು.”

“ಊರ್ ಹೆಸ್ರೂ ತಪ್ಪು. ಕಿರುಗಾವಲು ಅಲ್ಲ ಕಣಕ್ಕ ನಮ್ದು, ಇಲ್ಲಿಂದಾಚೆ ಎರಡು ಮೈಲಿ. ಮೂರು ಸೀಸನ್ನಿಂದ ಏಳ್ತಾ ಇವ್ನಿ.”

ಆ ದೂರೂ ಪುಟದಲ್ಲಿತ್ತು. ತಪ್ಪು ತಿದ್ದಲು ಬರೆದ ನಾಲ್ಕು ಸಾಲಿನಲ್ಲೂ ನಾನು ಅದೇ ತಪ್ಪು ಮಾಡಿದ್ದೆ.

ಅಂಗಡಿಯವನು ಕೇಳದೆಯೇ ಎರಡು ಟೀ ತಂದಿಟ್ಟ. ಆತ ತನ್ನದನ್ನು ಮುಟ್ಟಲಿಲ್ಲ. “ಗೆಜ್ಜಲಗೆರೆಗೆ ಓಗಿದ್ರಂತೆ. ಏನಂದ ಅವ್ನು?” ಎಂದು ಕೇಳಿದ.

ನಾನು ನನ್ನ ಟೀ ಲೋಟ ಕೈಗೆತ್ತಿಕೊಂಡೆ. ಆತ ನನ್ನ ಮುಖವನ್ನೇ ನೋಡಿದ, ಅಲ್ಲಿ ಏನು ಕಂಡಿತೋ.

“ಬುಡಿ, ನೀವ್ ಏಳ್ಬೇಡಿ,” ಎಂದ. “ಅಂಪೈರ್ ಕೈ ಎತ್ತಿದ್ರೆ ತೀರ್ಪು. ಅವ್ನ ಕೈ ಅವ್ನೇ ಎತ್ಬೇಕು. ನೀವ್ ಇಡ್ಕಂಡ್ ಎತ್ತಿದ್ರೆ ಅದೇನ್ ಬಂತು? ಏಳ್ಲಾ ಅಂತ ಅವತ್ತೇ ಮೂರ್ ಸಲ ಕೇಳಿವ್ನಿ ನಾನು.”

“ಮುಂದೇನು ಮಾಡ್ತೀಯ?”

“ಓಯ್ತಾ ಇವ್ನಿ ಮಳವಳ್ಳಿಗೆ. ಮೇಷ್ಟ್ರು ಬಾ ಅಂದವ್ರೆ. ಕಾಲೊನಿ ಐಕಳು ಮುನಿಸ್ಕಂಡವ್ರಂತೆ, ಅವ್ರ ಮುಂದೆ ನಿಂತು ನಾನು ಅನ್ನಲಿಲ್ಲ ಅಂತ ಏಳ್ಬೇಕು. ನಿಮ್ ಬೆಂಕಿಪೊಟ್ನ ಅವ್ರು ಓದಿಲ್ಲ.”

ಜೊತೆಗೆ ಬರಲೇ ಎಂದೆ. ಬೇಡವೆಂದು ತಲೆಯಾಡಿಸಿದ.

ಮಳವಳ್ಳಿ ಬಸ್ಸು ಬಂತು. ಆತ ಹತ್ತಲು ಹೋಗಿ, ಬಾಗಿಲಲ್ಲೇ ನಿಂತು ಕಂಡಕ್ಟರಿಗೆ, “ಯಾಕಣ್ಣ, ಈ ಮೆಟ್ಲು ಅಲ್ಲಾಡ್ತಾ ಅದೆ, ಡಿಪೋದಲ್ಲಿ ಏಳಕಿಲ್ವಾ? ಯಾರಾರ ಮುದುಕ್ರು ಬಿದ್ದಾರು,” ಎಂದ.

“ಅತ್ತು ಗುರುವೆ, ಟೈಮಾಯ್ತು. ನೀನೊಬ್ನೇ ಏಳದು,” ಎಂದ ಕಂಡಕ್ಟರು. ಒಳಗೆ ಯಾರೋ ನಕ್ಕರು.

ಬಸ್ಸು ಹೊರಡುವ ಮುನ್ನ ನಾನು ಬಗ್ಗಿ ನೋಡಿದೆ. ಕೆಳಗಿನ ಮೆಟ್ಟಿಲಿನ ಎಡಬದಿಯಲ್ಲಿ ಎರಡು ಬೋಲ್ಟುಗಳಿರಲಿಲ್ಲ.