ಎಡಗೈಯಾಗಿನ ಫೋನು

ಅಥಣಿಯ ಮೊಬೈಲ್ ಅಂಗಡ್ಯಾಗ ಒಂದ ತಾಸು ನಿಂತೇ ಇದ್ದೆ. ಕುಂದ್ರಾಕ ಮನಸ್ಸ ಎಲ್ಲಿತ್ತು? ನಾ ಫೋನ್ ತೊಗೊಳಾಕ ಬಂದಿದ್ದು ಹೆಂಡತಿ ಅಣ್ಣ, ನಮ್ಮ ಭಾವನ್ನ ಸುಳ್ಳ ಮಾಡಾಕ.

ಒಣದ್ರಾಕ್ಷಿ ಬಣ್ಣ ನೋಡಿ ಬ್ಯಾರೆ ಮಾಡೋದು ನನ್ನ ಕೆಲಸ. ಹಸಿರ ಇದ್ರ ಮೇಲಿನ ಮಾಲ, ಹಳದಿ ತಿರುಗಿದ್ರ ಕೆಳಗಿಂದು. ನಾ ಎಡಚ. ಎಡಗೈಲೆ ಒಂದ ಕಾಳ ಎತ್ತಿ, ಬಲಗಣ್ಣ ಮುಚ್ಚಿ, ಎಡಗಣ್ಣಿನ ಮುಂದ ಬೆಳಕಿಗೆ ಹಿಡದು ಹೇಳಿದ್ರ ಮುಗೀತು, ವ್ಯಾಪಾರಿ ಎದುರ ಮಾತಾಡಂಗಿಲ್ಲ. ಆ ವರ್ಷದ ಸುಗ್ಗ್ಯಾಗ ಭಾವನ ಮಾಲಿಗೂ ಹಂಗ ಅಂದೆ: "ಹಳದಿ ಆಗೇತಿ."

ಭಾವ ಬೆಂಕಿ ಆದ. ಮನಿಗೆ ಹೋಗಿ ಮಾಲಿನ ಫೋಟೊ ಕಳಿಸಿದ. ಫೋಟೊದಾಗ ಹಚ್ಚ ಹಸಿರು! "ಫೋನಿನ ಬಣ್ಣ ನಂಬಬ್ಯಾಡ್ರಿ" ಅಂದೆ. ಅವತ್ತಿಂದ ಮಾತ ಬಂದ್. ಪಂಚಮಿ ಬಂದು ಹೋತು, ಹೆಂಡತಿನ್ನ ಕರ್ಯಾಕ ತವರಿಂದ ಯಾರೂ ಬರ್ಲಿಲ್ಲ. ಆಕಿ ಬೈದಿದ್ರ ನನಗ ಎಷ್ಟೋ ಹಗುರ ಆಗ್ತಿತ್ತು.

ಖರೆ ಬಣ್ಣ ತೋರಿಸೋ ಫೋನ್ ಬೇಕಂತ ಆಕಿನ್ನೂ ಕರಕೊಂಡ ಬಂದಿದ್ದೆ. ಅಂಗಡಿಯವ ಒಂದ ರೇಟಿನ ಎರಡ ಫೋನ್ ತಗದು, ಭಾವನ ಫೋಟೊ ಎರಡರಾಗೂ ಹಾಕಿ ಕೊಟ್ಟ. ರೂಢಿ ಎಲ್ಲಿ ಹೋಗ್ತೈತ್ರಿ! ಒಂದೊಂದ ಕಣ್ಣ ಮುಚ್ಚಿ ನೋಡಿದೆ. ಬಲಗೈಯಾಗಿಂದು ಬಲಗಣ್ಣಿಗೆ ಹಿಡದೆ, ಹಸಿರು. ಎಡಗೈಯಾಗಿಂದು ಎಡಗಣ್ಣಿಗೆ ಹಿಡದೆ, ಹಳದಿ.

"ನೋಡು! ಇದು ಖರೆ ಫೋನ್!" ಅಂತ ಒದರಿದೆ.

"ಡಿಸ್‌ಪ್ಲೇದಾಗ ಅಷ್ಟ ಫರಕ ಇಲ್ರೀ ಕಾಕಾ" ಅಂದ ಅಂಗಡಿಯವ.

ಹೆಂಡತಿ ನನ್ನ ಕೈಯಾಗಿನ ಫೋನ್ ಅದಲು ಬದಲು ಮಾಡಿದ್ಲು. "ಈಗ ನೋಡ್ರಿ."

ಮತ್ತ ಎಡಗೈಯಾಗಿಂದೇ ಹಳದಿ. ನನಗ ಸಿಟ್ಟು ನೆತ್ತಿಗೇರಿತು. "ಎರಡೂ ಕೆಟ್ಟಾವ ಬಿಡು!"

ಆಕಿ ಅಂಗೈಲೆ ನನ್ನ ಬಲಗಣ್ಣ ಮುಚ್ಚಿ, ಇನ್ನೊಂದ ಕೈ ಮುಂದ ಹಿಡದ್ಲು. "ನನ್ನ ಗಾಜಿನ ಬಳಿ ಯಾವ ಬಣ್ಣ ಹೇಳ್ರಿ?"

ಹಸಿರು ಬಳಿ. ನಾನ ಕೊಡಿಸಿದ್ದು, ಗೊತ್ತಿತ್ತು. ಆದ್ರ ಎಡಗಣ್ಣಿಗೆ ಕಂಡಿದ್ದು ಚಹಾ ಚೆಲ್ಲಿದಂಥ ಮಬ್ಬು ಹಳದಿ. ಅಯ್ಯೋ ಶಿವನೇ! ಆ ಕಣ್ಣಿಗೆ ಪೊರೆ ಬಂದಿತ್ತು.

ಫೋನ್ ತೊಗೊಳ್ಳಲಿಲ್ಲ. ಅಂಗಡಿ ಕಟ್ಟಿ ಮ್ಯಾಲೆ ನಿಂತು ಹಳೇ ಫೋನಿನಿಂದ ಭಾವಗ ಹಚ್ಚಿದೆ. "ತಪ್ಪ ನಂದು. ನಿಮ್ಮ ಮಾಲ ಹಸಿರ ಇತ್ತು. ನನ್ನ ಎಡಗಣ್ಣ ಹೋಗೇತಿ."

ಭಾವ ಬೈತಾನಂತ ನಾ ಕಾಯಾಕತ್ತಿದ್ದೆ. ಅವ ಮೆಲ್ಲಕ ಕೇಳಿದ:

"ಮತ್ತ ಉಳಿದ ಮಂದೀ ಮಾಲು?"