ರೇಣವ್ವನಿಗೆ ನಾನು ಹೇಳದೆ ಬಿಟ್ಟದ್ದು

ಮೊನ್ನೆ ಔಷಧಿ ಅಂಗಡಿಯಾತ ನನ್ನ ತೋಳಿಗೆ ಬಿಪಿ ಪಟ್ಟಿ ಸುತ್ತಿ, ನೋಡಿಯಾದ ಮೇಲೆ ಚರ್ರೆಂದು ಬಿಚ್ಚಿದ. ಆ ಸದ್ದಿಗೆ ನನ್ನ ಬಿಪಿ ಎಷ್ಟೆಂದು ಕೇಳುವುದೇ ಮರೆತುಹೋಯಿತು. ನೆನಪಾದವಳು ರೇಣವ್ವ.

ಆರು ವರ್ಷಗಳ ಹಿಂದೆ ನಾಶಿಕದ ಸಾತಪುರದಲ್ಲಿ ನಮ್ಮ ಮನೆಯೆದುರು ಒಂದು ಕಟ್ಟಡ ಏಳುತ್ತಿತ್ತು. ಇಂಡಿ ಕಡೆಯಿಂದ ಬಂದ ರೇಣವ್ವ, ಅವಳ ಗಂಡ ಮಾಳಪ್ಪ ಅಲ್ಲಿ ಕೆಲಸಕ್ಕಿದ್ದರು. ನಾನು ಬಾಲ್ಕನಿಯಲ್ಲಿ ನಿಂತು ಧಾರವಾಡದ ತಂಗಿಯೊಡನೆ ಫೋನಿನಲ್ಲಿ ಜಗಳವಾಡುವುದನ್ನು ಕೇಳಿ, ಕೆಳಗಿನಿಂದಲೇ "ಅಕ್ಕಾರ, ನೀವು ನಮ್ ಕಡ್ಯಾವ್ರೇನ್ರಿ?" ಎಂದು ಕೂಗಿದವಳು ರೇಣವ್ವ. ಜಗಳಕ್ಕೂ ಒಂದು ಉಪಯೋಗವಿದೆ ನೋಡಿ. ಆಮೇಲೆ ಅವಳು ನಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ಚಹಾ ಕುಡಿಯದ ದಿನವೇ ಕಡಿಮೆ.

ಅವಳಿಗದು ಚೊಚ್ಚಲು. ಎಂಟು ತಿಂಗಳು ಇನ್ನೂ ತುಂಬಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಬಂದಾಗ ಅವಳ ಮುಖ ಬಾತಿತ್ತು, ಕಾಲುಂಗುರ ಬೆರಳಿನಲ್ಲಿ ಹೂತುಹೋಗಿತ್ತು. "ತಲಿ ಸಿಡೀಲಿಕತ್ತೈತ್ರಿ. ಕಣ್ಮುಂದ ಕಿಡಿ ಹಾರಿದಂಗ ಆಗ್ತೈತಿ" ಎಂದಳು. ಮಾಳಪ್ಪ ಕೆಲಸದ ಮೇಲೆ ದಿಂಡೋರಿಗೆ ಹೋಗಿದ್ದ. ಅವನಿಗೆ ಫೋನು ಮಾಡಿ, ಅವಳನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದೆ.

ಬಸುರಿನ ನಂಜು ಎಂದರು ಡಾಕ್ಟರು. ಬಿಪಿ ಇಳಿಸುವ ಔಷಧಿ ಕೊಟ್ಟು, ಮತ್ತೆ ಮತ್ತೆ ಪಟ್ಟಿ ಸುತ್ತಿ, ಚರ್ರೆಂದು ಬಿಚ್ಚಿ ನೋಡಿ, ಇನ್ನು ಮಗುವನ್ನು ಹೊರತರದೆ ದಾರಿಯಿಲ್ಲ ಎಂದರು. ತರುವುದಕ್ಕೆ ಎರಡು ದಾರಿ, ಯಾವುದೆಂದು ರೇಣವ್ವನೇ ಹೇಳಬೇಕು. ಅವಳಿಗೆ ಮರಾಠಿಯಲ್ಲಿ ಇಟ್ಟಿಗೆ, ಮರಳು ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ಹಾಗಾಗಿ ನಾನು ದುಭಾಷಿಯಾದೆ. ಹನ್ನೊಂದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ಕಲಿತ ಮರಾಠಿ ನನ್ನದು. ಡಾಕ್ಟರು ನಿಧಾನವಾಗಿ, ಉದ್ದಕ್ಕೆ ವಿವರಿಸಿದರು. ನನಗೆ ಎಲ್ಲ ತಿಳಿಯಿತು, ಕಷ್ಟವಾದದ್ದೇ ಅದರಿಂದ.

"ನೋಡವಾ, ಔಷಧ ಕೊಟ್ಟು ಬ್ಯಾನಿ ಬರಸ್ತಾರಂತ, ಇಲ್ಲಾ ಆಪರೇಶನ್ ಮಾಡ್ತಾರಂತ. ಆಪರೇಶನ್ ಲಗೂ ಮುಗೀತದ. ಹೂಂ ಅಂದಬಿಡು" ಎಂದೆ. ನನ್ನ ಎರಡು ಹೆರಿಗೆಯೂ ಸಿಸೇರಿಯನ್. ನಾನು ದಾಟಿದ ದಾರಿಯೇ ಎಲ್ಲರಿಗೂ ಸುರಕ್ಷಿತ ಎನ್ನಿಸಿತ್ತು.

ರೇಣವ್ವ ನನ್ನನ್ನೇ ನೋಡಿದಳು. "ಡಾಕ್ಟರಬಾಯಿ ಅಷ್ಟೊತ್ತು ಮಾತಾಡಿದ್ರು. ನೀವು ಎರಡ ಮಾತಿನ್ಯಾಗ ಮುಗಿಸಿದ್ರಿ. ಉಳಿದದ್ದು ಎಲ್ಲಿ ಹೋತ್ರಿ?"

ಓದದೆ ಸಹಿ ಹಾಕಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಡಾಕ್ಟರನ್ನು ಮತ್ತೆ ಕೇಳಿ, ಒಂದೊಂದಾಗಿ ಹೇಳಿದೆ. ಫಿಟ್ಸ್ ಬರಬಹುದು, ಬರದಂತೆ ಇಂಜೆಕ್ಷನ್ ಕೊಡುತ್ತಾರೆ. ನೋವು ಬರಿಸಿದರೆ ಒಂದು ದಿನ, ಎರಡು ದಿನವೂ ಹಿಡಿದೀತು. ನಡುವೆ ಸ್ಥಿತಿ ಕೆಟ್ಟರೆ ಆಪರೇಶನ್ನೇ. ಈಗಲೇ ಕೊಯ್ದರೆ ಬೇಗ ಆಗುತ್ತದೆ, ಆದರೆ ಗಾಯ ಮಾಯಲು ದಿನ ಬೇಕು, ಮುಂದಿನ ಬಸುರಿಗೂ ಹೆಚ್ಚು ಜೋಪಾನ ಬೇಕು. ಹೇಗೆ ಹುಟ್ಟಿದರೂ ಕೂಸು ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿ. ಅಲ್ಲಿಗೆ ನನ್ನ ದನಿ ಒಡೆಯಿತು. ಸೂಜಿ ಚುಚ್ಚಿದ ಕೈಯಿಂದಲೇ ಅವಳು ನನ್ನ ಮುಂಗೈ ಹಿಡಿದಳು.

"ಕೂಸಿನ ಎದಿಬಡಿತ ಈಗ ಹೆಂಗೈತಿ, ಕೇಳ್ರಿ."

ಚೆನ್ನಾಗಿದೆ ಎಂದರು ಡಾಕ್ಟರು. ಬಿಪಿಯೂ ಸ್ವಲ್ಪ ಇಳಿದಿದೆ, ಗರ್ಭದ ಬಾಯಿ ಮೆತ್ತಗಾಗಿದೆ, ನೋವು ಬರಿಸಲು ಪ್ರಯತ್ನಿಸಬಹುದು.

"ಹಂಗಾದ್ರ ಬ್ಯಾನಿ ನೋಡೂಣ್ರಿ. ಆಗಲಿಲ್ಲಂದ್ರ ಕೊಯ್ಯಲಿ, ನಾ ಬ್ಯಾಡನ್ನಂಗಿಲ್ಲ. ಖರೆ, ಕೂಸು ಒಂದ ಕಡೆ, ನಾ ಒಂದ ಕಡೆ ಆದ್ರ, ಎದ್ದು ಅದರ ಹಂತ್ಯಾಕ ಹೋಗಾಕ ಕಾಲಾಗ ಬಲ ಬೇಕ್ರಿ ನನಗ."

ಮಧ್ಯಾಹ್ನ ಬಂದ ಮಾಳಪ್ಪ ಗಾಬರಿಯಿಂದ "ಏನ್ ಮಾಡೂಣ್ರಿ ಅಕ್ಕಾರ?" ಎಂದು ನನ್ನನ್ನು ಕೇಳಿದ. "ಆಕೀನ್ನ ಕೇಳಪಾ" ಎಂದೆ.

ಮರುದಿನ ಮಧ್ಯಾಹ್ನದವರೆಗೆ ನೋವು ತಿಂದು ಹೆತ್ತಳು. ಹೆಣ್ಣು. ಅಳಲಿಲ್ಲ, ಮುಲುಗಿತು, ಒಡನೆ ಒಯ್ದರು. ರೇಣವ್ವನ ಬಿಪಿ ಇನ್ನೂ ಏರಿಳಿಯುತ್ತಿತ್ತು. ಮೂರನೆಯ ದಿನ ಡಾಕ್ಟರು ಎದ್ದೇಳಬಹುದು ಎಂದ ಕೂಡಲೇ ಗೋಡೆ ಹಿಡಿದುಕೊಂಡು ಆಸ್ಪತ್ರೆಯ ಉದ್ದನೆಯ ಕಾರಿಡಾರು ದಾಟಿದಳು. ಪೆಟ್ಟಿಗೆಯ ಕಿಂಡಿಯೊಳಗೆ ಒಂದು ಬೆರಳು ಚಾಚಿ, "ಬಂದೀನವಾ" ಎಂದಳು. ಮೂರು ವಾರ ದಿನಕ್ಕೆಷ್ಟೋ ಸಲ ಹಾಗೆ ನಡೆದು ಹೋಗಿ, ಕೊನೆಗೆ ಮಗಳನ್ನು ಎತ್ತಿಕೊಂಡೇ ಬಂದಳು.

ಔಷಧಿ ಅಂಗಡಿಯಿಂದ ನಾನು ಮನೆಗೆ ಹೋಗಲಿಲ್ಲ. ನಾಲ್ಕು ಗಲ್ಲಿ ಆಚೆ ಈಗ ಅವರು ಬಾಡಿಗೆಗಿರುವ ಕೋಣೆಗೆ ಹೋದೆ. ಹುಡುಗಿ ಮರಾಠಿ ಶಾಲೆಗೆ ಹೋಗುತ್ತಾಳೆ. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ತೊಡೆಯೇರಿ ಕೂತು, "ಮೀ ಕಿತೀ ಲಹಾನ ಹೋತೆ?" ಎಂದು ಕೇಳಿದಳು: ನಾನೆಷ್ಟು ಚಿಕ್ಕವಳಿದ್ದೆ?

ಅಂಗೈ ಚಾಚಿ ತೋರಿಸಿದೆ. ಆಮೇಲೆ ಮೊದಲಿನಿಂದ ಹೇಳತೊಡಗಿದೆ. ಅಂದು ನನಗೆ ಭಯವಾಗಿತ್ತು, ಅದಕ್ಕೇ ಅವಳವ್ವನಿಗೆ ಮೊದಲು ಎಲ್ಲ ಹೇಳಿರಲಿಲ್ಲ ಎಂಬುದನ್ನೂ ಹೇಳಿದೆ.